ಸುತ್ತಿಗೆ ಹಿಡಿದವನ ಮೇಲೆ ಯಾಕೀ ಅಪವಾದ?

ನಮ್ಮ ಆಫೀಸುಗಳಲ್ಲಿ ಒಂದು ಮಾತು ಸದಾ ತಿರುಗಾಡುತ್ತಿರುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಡೇಟಾಬೇಸ್ ಸಾಕು, ಒಂದೇ ಫ್ರೇಮ್‌ವರ್ಕ್ ಸಾಕು ಅಂತ ಯಾರಾದರೂ ಬಾಯಿ ಬಿಟ್ಟರೆ ಮೀಟಿಂಗಿನ ಮೂಲೆಯಿಂದ ಒಬ್ಬರು ಹೇಳುತ್ತಾರೆ: ಕೈಯಲ್ಲಿ ಸುತ್ತಿಗೆ ಇದ್ದವನಿಗೆ ಕಂಡದ್ದೆಲ್ಲ ಮೊಳೆ. ಎಲ್ಲರೂ ತಲೆ ಆಡಿಸುತ್ತಾರೆ, ಮೀಟಿಂಗು ಮುಂದಕ್ಕೆ ಹೋಗುತ್ತದೆ. ಎಐ ಬಂದ ಮೇಲಂತೂ ಈ ಮಾತಿಗೆ ಬಿಡುವೇ ಇಲ್ಲ.

ನನಗೆ ಈ ಮಾತಿನ ಮೇಲೆ ತಕರಾರಿದೆ. ಇದು ಸುಳ್ಳು. ಬರೀ ಸುಳ್ಳೂ ಅಲ್ಲ, ಒಂದು ಕಸುಬಿನ ಮೇಲೆ ಹೊರಿಸಿದ ಅಪವಾದ. ಸುತ್ತಿಗೆಯಿಂದಲೇ ಹೊಟ್ಟೆ ಹೊರೆಯುವ ಬಡಿಗನಷ್ಟು ಸಲ ‘ಇಲ್ಲಿ ಮೊಳೆ ಬೇಡ’ ಅನ್ನುವ ಮನುಷ್ಯ ಇನ್ನೊಬ್ಬ ಸಿಗಲಾರ. ಕಂಡಲ್ಲೆಲ್ಲ ಮೊಳೆ ಹೊಡೆಸುವವರು ಸುತ್ತಿಗೆ ಹಿಡಿದವರಲ್ಲ, ಸುತ್ತಿಗೆ ಹಿಡಿದವನಿಗೆ ಗಡುವು ಕೊಡುವವರು. ಅಂದರೆ ನಾವು.

ಮಾತಿನ ಮೂಲ ಹುಡುಕಿದರೆ ಇನ್ನೂ ಮಜಾ ಇದೆ. 1964ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಅಬ್ರಹಾಂ ಕಪ್ಲಾನ್ ಇದನ್ನು ಬರೆದಾಗ ಸುತ್ತಿಗೆ ಇದ್ದದ್ದು ಒಬ್ಬ ಸಣ್ಣ ಹುಡುಗನ ಕೈಯಲ್ಲಿ. ಎರಡು ವರ್ಷದ ಮೇಲೆ, 1966ರಲ್ಲಿ, ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ ಹೇಳಿದಾಗ ಅದು ಸುತ್ತಿಗೆ ಬಿಟ್ಟು ಬೇರೇನೂ ಇಲ್ಲದವನ ಕಥೆಯಾಯಿತು. ಇಬ್ಬರ ಮಾತಿನಲ್ಲೂ ಬಡಿಗ ಇಲ್ಲ. ಒಂದು ಕಡೆ ಮಗು, ಇನ್ನೊಂದು ಕಡೆ ಗತಿಯಿಲ್ಲದವ. ಬಾಯಿಂದ ಬಾಯಿಗೆ ಹೋಗುತ್ತಾ ಮಗುವೂ ಬಿದ್ದುಹೋಯಿತು, ‘ಬೇರೇನೂ ಇಲ್ಲದವ’ ಅನ್ನುವುದೂ ಬಿದ್ದುಹೋಯಿತು. ಸುತ್ತಿಗೆ ಹಿಡಿದವನು ದಡ್ಡ ಅನ್ನುವುದು ಮಾತ್ರ ಉಳಿಯಿತು. ಕೀಬೋರ್ಡ್ ಹಿಡಿದ ನಮಗೆ ಅದು ಹಿತವಾಗಿಯೂ ಇತ್ತು.

ನಾನು ಮುಳವಾಡದವ. ಬಸವನ ಬಾಗೇವಾಡಿ ಸೀಮೆ. ಪೇಪರಿನಲ್ಲಿ ನೀರಾವರಿ ಸುದ್ದಿ ಓದುವವರಿಗೆ ‘ಮುಳವಾಡ ಏತ ನೀರಾವರಿ’ ಅಂತ ಹೆಸರು ಕೇಳಿ ಗೊತ್ತಿರಬಹುದು. ನಮ್ಮ ಕಡೆ ಬಡಿಗ್ಯಾರ ಅಂಗಳಕ್ಕೆ ಹೋಗಿ ‘ಕಾಕಾ, ಇದಕ್ಕೊಂದು ಮೊಳಿ ಬಡೀರಿ’ ಅಂದು ನೋಡಿ. ಕೆಲಸ ಶುರು ಆಗೋದಿಲ್ಲ, ಪ್ರಶ್ನೆ ಶುರು ಆಗುತ್ತವೆ. ‘ಯಾವ ಮೊಳಿ ತಮ್ಮಾ? ಎಷ್ಟು ಇಂಚಿಂದು? ಕಟಗಿ ಯಾವುದು, ಜಾಲಿಯೋ ಬೇವೋ? ಹಸೀದೈತೋ ಒಣಗೇದೋ? ಬಿಸಲಾಗ ಇರತೈತೋ ಮನಿಯೊಳಗೋ? ಮುಂದ ಬಿಚ್ಚೋದೈತೇನು?’ ನಾವು ಇದನ್ನೇ ರಿಕ್ವೈರ್‌ಮೆಂಟ್ ಅನಾಲಿಸಿಸ್ ಅಂತ ಕರೆದು ಅದಕ್ಕೊಂದು ಹುದ್ದೆ ಸೃಷ್ಟಿಸಿ ಸಂಬಳ ಕೊಡುತ್ತೇವೆ. ಬಡಿಗ ಕೇಳಿದರೆ ‘ಯಾವುದೋ ಒಂದು ಹೊಡೀರಿ, ಅದೇನು ಮೊಳೆ ತಾನೆ’ ಅನ್ನುತ್ತೇವೆ.

‘ಮೊಳೆ ತಾನೆ’ ಅನ್ನುವವರಿಗಾಗಿ ಸ್ವಲ್ಪ ಮೊಳೆಯ ವಿಷಯ.

ಅಂಗಡಿಯಲ್ಲಿ ಮೊಳೆಗೆ ಎರಡು ಲೆಕ್ಕ: ಉದ್ದ ಇಂಚಿನಲ್ಲಿ, ದಪ್ಪ ಗೇಜಿನಲ್ಲಿ. ಗೇಜ್ ನಂಬರು ಉಲ್ಟಾ. ನಂಬರು ಹೆಚ್ಚಾದಷ್ಟೂ ಮೊಳೆ ಸಣ್ಣ. 8 ಗೇಜಿನ ತಂತಿ ಸುಮಾರು 4 ಮಿಲಿಮೀಟರ್ ದಪ್ಪ, 14 ಗೇಜಿನದು ಅದರ ಅರ್ಧ, 2 ಮಿಲಿಮೀಟರ್ ಚಿಲ್ಲರೆ. ತಂತಿಯನ್ನು ಒಂದಾದ ಮೇಲೊಂದು ಸಣ್ಣ ತೂತಿನಲ್ಲಿ ಎಳೆದು ತೆಳ್ಳಗೆ ಮಾಡುತ್ತಿದ್ದ ಕಾಲದ ಲೆಕ್ಕ ಅದು; ಹೆಚ್ಚು ಸಲ ಎಳೆದದ್ದಕ್ಕೆ ಹೆಚ್ಚಿನ ನಂಬರು. ಎರಡಿಂಚಿನ ಮೊಳೆ ಕೊಡಿ ಅಂತ ಮಾತ್ರ ಕೇಳಿದರೆ ನೀವು ಅರ್ಧ ಪ್ರಶ್ನೆ ಕೇಳಿದ ಹಾಗೆ. ನಮ್ಮ ದೇಶದಲ್ಲಿ ಈ ತಂತಿ ಮೊಳೆಗೆ ಐಎಸ್ 723 ಅನ್ನುವ ಮಾನದಂಡವೂ ಇದೆ. ಮೊಳೆ ‘ಯಾವುದೋ ಒಂದು’ ಅಲ್ಲ ಅಂತ ಸರ್ಕಾರಕ್ಕೂ ಗೊತ್ತಿದೆ.

ಇನ್ನು ಉದ್ದ. ತೆಳುವಾದ ಹಲಗೆಯನ್ನು ದಪ್ಪ ಮರಕ್ಕೆ ಹೊಡೆಯಬೇಕು, ದಪ್ಪದ್ದನ್ನು ತೆಳುವಿಗಲ್ಲ. ಮೊಳೆಯ ಉದ್ದ ಆ ತೆಳು ಹಲಗೆಯ ದಪ್ಪದ ಸುಮಾರು ಮೂರು ಪಟ್ಟು ಇರಬೇಕು: ಒಂದು ಪಾಲು ಮೇಲಿನ ಹಲಗೆಯಲ್ಲಿ, ಎರಡು ಪಾಲು ಕೆಳಗಿನ ಮರದಲ್ಲಿ. ಅರ್ಧ ಇಂಚಿನ ಹಲಗೆಗೆ ಒಂದೂವರೆ ಇಂಚಿನ ಮೊಳೆ. ಹಿಡಿತ ಬರುವುದು ಮೊಳೆಯ ತಲೆಯಿಂದಲ್ಲ, ಮರದೊಳಗೆ ಇಳಿದ ಭಾಗವನ್ನು ಮರದ ಎಳೆಗಳು ಎರಡೂ ಕಡೆಯಿಂದ ಒತ್ತಿ ಹಿಡಿಯುವುದರಿಂದ. ಅದಕ್ಕೇ ಮರದ ಕಡಿದ ತುದಿಗೆ, ಅಂದರೆ ಎಳೆಗಳ ಗುಂಟ ಹೊಡೆದ ಮೊಳೆ ಸುಲಭವಾಗಿ ಕಿತ್ತು ಬರುತ್ತದೆ. ಅಲ್ಲಿ ಎಳೆಗಳು ಮೊಳೆಯನ್ನು ಅಪ್ಪಿಕೊಳ್ಳುವುದಿಲ್ಲ, ದಾರಿ ಬಿಡುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಎರಡು ಮೊಳೆಗಳನ್ನು ಓರೆಯಾಗಿ, ಒಂದಕ್ಕೊಂದು ಎದುರು ಬದುರು ಹೊಡೆಯುತ್ತಾರೆ.

ಜಾಲಿಯಂಥ ಗಟ್ಟಿ ಮರಕ್ಕೆ ನೇರವಾಗಿ ಹೊಡೆದರೆ ಮೊಳೆ ಬಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಮೊದಲು ಬೈರಿಗೆಯಿಂದ ತೂತು ಕೊರೆಯಬೇಕು. ತೂತು ಮೊಳೆಯ ದಪ್ಪದ ಐದರಲ್ಲಿ ನಾಲ್ಕು ಪಾಲಿದ್ದರೆ ಹಿಡಿತವೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಬೈರಿಗೆ ಇಲ್ಲದಾಗ ಬಡಿಗ ಮೊಳೆಯನ್ನು ತಲೆಕೆಳಗೆ ಇಟ್ಟು ಅದರ ಮೊನೆಗೆ ಒಂದು ಏಟು ಹಾಕುತ್ತಾನೆ. ನೋಡುವವರಿಗೆ ಹುಚ್ಚು ಅನಿಸುತ್ತದೆ. ಚೂಪಾದ ಮೊಳೆ ಒಳ್ಳೆಯದಲ್ಲವೇ? ಅಲ್ಲ. ಚೂಪು ಮೊನೆ ಎಳೆಗಳ ನಡುವೆ ಬೆಣೆಯ ಹಾಗೆ ನುಗ್ಗಿ ಸೀಳುತ್ತದೆ. ಮೊಂಡು ಮೊನೆ ಎಳೆಗಳನ್ನು ಜಜ್ಜಿ ತುಂಡು ಮಾಡಿ ದಾರಿ ಮಾಡಿಕೊಳ್ಳುತ್ತದೆ. ಒಂದೇ ಎಳೆಯ ಸಾಲಿನಲ್ಲಿ ನಾಲ್ಕು ಮೊಳೆ ಹೊಡೆದರೂ ಮರ ಸೀಳುತ್ತದೆ, ಅದಕ್ಕೆ ಸ್ವಲ್ಪ ಅತ್ತಿತ್ತ ಸರಿಸಿ ಹೊಡೆಯುತ್ತಾರೆ. ಬಾಗಿಲ ಹಿಂದೆ ಅಡ್ಡಪಟ್ಟಿ ಕೂಡಿಸುವಾಗ ಉದ್ದ ಮೊಳೆ ಆಚೆ ಬರುವಂತೆ ಹೊಡೆದು, ಹೊರಬಂದ ತುದಿಯನ್ನು ಮರದ ಎಳೆಗೆ ಅಡ್ಡವಾಗಿ ಮಡಚಿ ಬಡಿಯುತ್ತಾರೆ. ಆ ಬಾಗಿಲು ದಿನಕ್ಕೆ ನೂರು ಸಲ ಬಡಿದುಕೊಂಡರೂ ಮೊಳೆ ಹಿಂದೆ ಸರಿಯುವುದಿಲ್ಲ.

ಇಷ್ಟು ಗೊತ್ತಿರುವವನನ್ನು ನಾವು ‘ಅನ್‌ಸ್ಕಿಲ್ಡ್’ ಪಟ್ಟಿಗೆ ಸೇರಿಸಿ, ಮೇಲೆ ಗಾದೆಯಲ್ಲೂ ಹಂಗಿಸುತ್ತೇವೆ.

ಬಡಿಗನಿಗೆ ಎಲ್ಲವೂ ಮೊಳೆ ಅನ್ನುವವರು ಒಮ್ಮೆ ಚಕ್ಕಡಿ ಗಾಲಿಯನ್ನಾದರೂ ನೋಡಬೇಕು. ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಸುತ್ತಿನ ಮರದ ತುಂಡುಗಳು. ಎಲ್ಲ ಜಾಲಿ. ಈ ಇಡೀ ಗಾಲಿಯನ್ನು ಬಿಗಿದು ಹಿಡಿದಿರುವುದು ಮೊಳೆಯಲ್ಲ, ಹೊರಗಿನ ಕಬ್ಬಿಣದ ಪಟ್ಟಿ. ಆ ಪಟ್ಟಿಯನ್ನು ಕಂಬಾರರು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಸುತ್ತಾರೆ. ಕಾದಾಗ ಹಿಗ್ಗಿದ ಪಟ್ಟಿ ಗಾಲಿಯ ಮೇಲೆ ಕೂರುತ್ತದೆ. ನೀರು ಸುರಿದ ಕೂಡಲೇ ಕುಗ್ಗಿ ಎಲ್ಲ ಜೋಡಣೆಗಳನ್ನೂ ಒಳಕ್ಕೆ ಅಮುಕುತ್ತದೆ. ಕ್ವಿಂಟಲುಗಟ್ಟಲೆ ಭಾರ ಹೊತ್ತು ಕಲ್ಲು ದಾರಿಯಲ್ಲಿ ಕುಲುಕುವ ಗಾಲಿಗೆ ಮೊಳೆ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಪದೇ ಪದೇ ಅಲುಗುವ ಕಡೆ ನುಣುಪು ಮೊಳೆ ಒಂದೊಂದು ಕೂದಲೆಳೆಯಷ್ಟೇ ಮೇಲೇಳುತ್ತಾ ಬರುತ್ತದೆ. ನಮ್ಮೂರಿನ ಮೇಲೆ ಹಾದುಹೋಗುವ ರೈಲು ದಾರಿ ಮೊದಲು ಮೀಟರ್ ಗೇಜ್ ಇತ್ತು. ಹಳೆಯ ಕಾಲದ ಇಂಥ ದಾರಿಗಳಲ್ಲಿ ಹಳಿಯನ್ನು ಮರದ ಸ್ಲೀಪರಿಗೆ ದೊಡ್ಡ ಮೊಳೆಗಳಿಂದ ಹೊಡೆದಿರುತ್ತಿದ್ದರು. ರೈಲು ಓಡಿದಂತೆ ಅವು ಸಡಿಲಾಗುತ್ತಿದ್ದವು, ಗ್ಯಾಂಗ್‌ಮನ್ನುಗಳು ಮತ್ತೆ ಮತ್ತೆ ಬಡಿಯುತ್ತಿದ್ದರು. ಈಗ ಕಾಂಕ್ರೀಟ್ ಸ್ಲೀಪರು, ಸ್ಪ್ರಿಂಗಿನ ಹಾಗೆ ಒತ್ತಿ ಹಿಡಿಯುವ ಕ್ಲಿಪ್ಪು. ರೈಲ್ವೆ ಇಂಜಿನಿಯರುಗಳು ಒಪ್ಪಿಕೊಂಡ ಸಂಗತಿಯನ್ನೇ ಗಾಲಿ ಮಾಡುವವರು ಕೆಂಪಗೆ ಕಾದ ಪಟ್ಟಿಯಲ್ಲಿ ಎಂದೋ ಹೇಳಿದ್ದರು.

ಮನೆಗಳದ್ದೂ ಅದೇ ಕಥೆ. ನಮ್ಮ ಕಡೆಯ ಹಳೇ ಮೇಲ್ಮುದ್ದೆ ಮನೆಗಳಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಒಂದರ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿರುತ್ತಾರೆ. ಮೇಲಿನ ಮಣ್ಣಿನ ಭಾರವೇ ಅದನ್ನು ಗಟ್ಟಿ ಹಿಡಿಯುತ್ತದೆ. ಇದರ ಬೆಲೆ ಗೊತ್ತಾದದ್ದು ಆಲಮಟ್ಟಿಯಿಂದ. 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನ ಹಿನ್ನೀರು ಕೊನೆಗೆ ಹಳೇ ಕೊಲ್ಹಾರಕ್ಕೂ ಬಂತು, ಬಾಗಲಕೋಟೆಯ ಹಳೇ ಓಣಿಗಳಿಗೂ ಬಂತು, ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳಿಗೂ ಬಂತು. ಊರು ಬಿಟ್ಟವರು ಮನೆಯ ಕಂಬ, ತೊಲೆ, ಬಾಗಿಲು, ಚೌಕಟ್ಟು ಬಿಚ್ಚಿ ಹೇರಿಕೊಂಡು ಹೋದರು. ಬಿಚ್ಚುವುದಕ್ಕೆ ಆಗುವ ಹಾಗೆ ಕೂಡಿಸಿದ್ದರಿಂದ ಬಿಚ್ಚಲು ಬಂತು. ಎಲ್ಲ ಕಡೆ ಮೊಳೆ ಜಡಿದಿದ್ದರೆ ಅದು ಸೀಳು ಸೌದೆಯಾಗಿ ಹೋಗುತ್ತಿತ್ತು. ಈಗ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತಿದೆ. ಮತ್ತಷ್ಟು ಮನೆಗಳು ನೀರಿಗೆ ಹೋಗುತ್ತವೆ. ಈ ಸಲ ಹೋಗುವ ಮನೆಗಳಲ್ಲಿ ಬಹಳಷ್ಟು ಕಾಂಕ್ರೀಟಿನವು; ಬಿಚ್ಚಿಕೊಂಡು ಹೋಗಲು ಏನೂ ಇರುವುದಿಲ್ಲ, ಚೆಕ್ಕಷ್ಟೇ. ‘ಮುಂದ ಬಿಚ್ಚೋದೈತೇನು’ ಅನ್ನುವ ಬಡಿಗ್ಯಾರ ಕಾಕಾನ ಪ್ರಶ್ನೆ ಅಷ್ಟು ಸಣ್ಣದಲ್ಲ ಅಂದದ್ದು ಇದಕ್ಕೇ.

ಇಲ್ಲಿಗೆ ಬರುವಾಗ ನನ್ನ ಇನ್ನೊಂದು ಬಗೆಯ ಗೆಳೆಯರು ಹುರುಪಾಗುತ್ತಾರೆ. ವೀಕೆಂಡಿನಲ್ಲಿ ಹೋಮ್‌ಸ್ಟೇಗೆ ಹೋಗಿ, ‘ವಾವ್, ಒಂದೂ ಮೊಳೆ ಇಲ್ಲದೆ ಕಟ್ಟಿದ ಮನೆ!’ ಅಂತ ರೀಲ್ ಮಾಡುವವರು. ಅವರ ಜೊತೆಗೂ ನನಗೆ ಜಗಳವಿದೆ. ಮೊಳೆ ಇಲ್ಲದಿರುವುದು ದೊಡ್ಡಸ್ತಿಕೆ ಏನಲ್ಲ. ಮೊಳೆ ಕೈಯಲ್ಲಿ ಕಾಸಿ ಬಡಿಯುವ ವಸ್ತುವಾಗಿದ್ದಾಗ ತುಟ್ಟಿ ಇತ್ತು. ಎಷ್ಟು ತುಟ್ಟಿ ಅಂದರೆ, ಅಮೆರಿಕದ ವರ್ಜೀನಿಯಾದಲ್ಲಿ ಜನ ಊರು ಬಿಡುವಾಗ ಮೊಳೆ ಆರಿಸಿಕೊಳ್ಳಲು ಮನೆಗೇ ಬೆಂಕಿ ಹಚ್ಚುತ್ತಿದ್ದರು. 1645ರಲ್ಲಿ ಅದನ್ನು ನಿಷೇಧಿಸಿ ಕಾನೂನೇ ಬಂತು. ಇನ್ನೊಂದು ತುದಿಗೆ ಜಪಾನಿನ ಹೊರ್ಯೂಜಿ ದೇವಾಲಯ ನೋಡಿ. ಜಗತ್ತಿನ ಅತಿ ಹಳೆಯ ಮರದ ಕಟ್ಟಡಗಳಿರುವ ಜಾಗ, ಸಾವಿರದ ಮುನ್ನೂರು ವರ್ಷದ್ದು. ಕೀಲು ಜೋಡಣೆಗೆ ಅದು ಹೆಸರುವಾಸಿ. ಆದರೆ ಅಲ್ಲೂ ಮೊಳೆ ಇವೆ, ಬೇಕಾದಲ್ಲಿ, ಬೇಕಾದಂಥವು, ಕಮ್ಮಾರನ ಕೈಯಲ್ಲಿ ಬಡಿಸಿಕೊಂಡವು. ಒಳ್ಳೆಯ ಬಡಿಗನಿಗೆ ಮೊಳೆಯ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅಷ್ಟೇ. ‘ಮೊಳೆ ತಾನೆ’ ಅನ್ನುವವರಿಗೂ ‘ಮೊಳೆಯೇ ಇಲ್ಲ ವಾವ್’ ಅನ್ನುವವರಿಗೂ ವ್ಯತ್ಯಾಸ ಬಹಳ ಇಲ್ಲ; ಇಬ್ಬರೂ ಮೊಳೆಯನ್ನು ನೋಡಿಲ್ಲ.

ನೋಡದೇ ಇದ್ದರೆ ಏನಾಗುತ್ತದೆ? ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿ ಮಳೆಗೆ ಪತ್ರಾಸುಗಳು ಹಾರುತ್ತವೆ. ಕೂಲಿಯವರ ಮನೆ, ದನದ ಕೊಟ್ಟಿಗೆ, ರಸ್ತೆ ಬದಿಯ ಚಹಾದಂಗಡಿ. ‘ಭಾರೀ ಗಾಳಿಗೆ ಹಾರಿಹೋದ ತಗಡು’ ಅಂತ ಸುದ್ದಿ ಬರುತ್ತದೆ. ಗಾಳಿಯ ಹೆಸರು ಬರುತ್ತದೆ, ಮೊಳೆಯ ಹೆಸರು ಬರುವುದಿಲ್ಲ. ಹಾರಿದ ತಗಡಿನ ಕೆಳಗಿನ ಮರವನ್ನು ನೋಡಿ. ಆಗ ತಾನೇ ಕಡಿದ ಹಸಿ ಜಾಲಿಯ ಬಡ್ಡೆ, ಅದಕ್ಕೆ ನುಣುಪಾದ ತಂತಿ ಮೊಳೆ. ಹಸಿಯಿದ್ದಾಗ ಬಿಗಿಯಾಗಿಯೇ ಕೂತಿರುತ್ತದೆ; ಮರ ಒಣಗಿ ಕುಗ್ಗಿದ ಮೇಲೆ ಹಿಡಿತ ಬಿಟ್ಟುಹೋಗುತ್ತದೆ. ಮೇಲಾಗಿ ಸಣ್ಣ ತಲೆಯ ಮೊಳೆ. ಗಾಳಿ ಎತ್ತಿದಾಗ ತಗಡು ಹರಿದುಕೊಂಡು ತಲೆಯ ಮೇಲಿಂದ ದಾಟಿ ಹೋಗುತ್ತದೆ. ಮೊಳೆಯನ್ನು ತಗಡಿನ ತಗ್ಗಿನಲ್ಲಿ ಹೊಡೆದರೆ ಮಳೆನೀರು ಅದೇ ತೂತಿನಿಂದ ಇಳಿದು ಕೆಳಗಿನ ಮರ ಕೊಳೆಯುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಹಾರದಿರಲಿ ಅಂತ ಮೇಲೆ ಕಲ್ಲು ಹೇರುತ್ತಾರೆ. ಗಾಳಿ ಬಂದಾಗ ಕಲ್ಲೂ ಕೆಳಗೆ ಬರುತ್ತದೆ, ಕೆಳಗೆ ಮಲಗಿದವರು ಯಾರು ಅಂತ ಅದು ನೋಡುವುದಿಲ್ಲ.

ಇದಕ್ಕೆ ಬೇಕಾದದ್ದು ರಾಕೆಟ್ ವಿಜ್ಞಾನವಲ್ಲ. ಸತುವಿನ ಲೇಪದ, ಕೊಡೆಯಂಥ ಅಗಲ ತಲೆಯ ಮೊಳೆ, ಅದರ ಕೆಳಗೆ ವಾಷರು. ಅದಕ್ಕಿಂತ ಒಳ್ಳೆಯದು ಕೆಳಗಿನ ಮರವನ್ನು ಸುತ್ತಿ ಹಿಡಿಯುವ ಕೊಕ್ಕೆ ಬೋಲ್ಟು ಅಥವಾ ರಬ್ಬರ್ ವಾಷರಿನ ಸ್ಕ್ರೂ. ಹೊಡೆಯುವುದು ತಗಡಿನ ಉಬ್ಬಿನ ಮೇಲೆ. ಅಂಚು ಮತ್ತು ಮೂಲೆಗಳಲ್ಲಿ ಹತ್ತಿರ ಹತ್ತಿರ, ಯಾಕೆಂದರೆ ಗಾಳಿ ಅತಿ ಜೋರಾಗಿ ಮೇಲಕ್ಕೆ ಎಳೆಯುವುದು ಅಲ್ಲೇ. ಒಂದು ಸಣ್ಣ ಮನೆಗೆ ಇದರ ಹೆಚ್ಚುವರಿ ಖರ್ಚು ನಮ್ಮ ಒಂದು ರಾತ್ರಿಯ ಊಟದ ಬಿಲ್ಲಿಗಿಂತ ಕಡಿಮೆ.

ಇದು ಬಡವರ ಊರಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲೋರಿಡಾದ ದಕ್ಷಿಣ ಭಾಗಕ್ಕೆ ಬಡಿದಾಗ ಸಾವಿರಾರು ಮನೆಗಳ ಚಾವಣಿ ಕಿತ್ತುಹೋಯಿತು. ಆಮೇಲೆ ಪರಿಶೀಲಿಸಿದವರಿಗೆ ಎಷ್ಟೋ ಕಡೆ ಕಂಡದ್ದು: ಚಾವಣಿಯ ಹಲಗೆಗೆ ಹೊಡೆದ ಮೊಳೆ, ಸ್ಟೇಪಲ್ಲುಗಳು ಕೆಳಗಿನ ತೊಲೆಗೆ ತಾಗಿಯೇ ಇರಲಿಲ್ಲ. ಪಕ್ಕದ ಗಾಳಿಗೆ ಹೊಡೆದಿದ್ದರು. ಹೊಸ ಬಡಾವಣೆಗಳು, ಬೇಗ ಮುಗಿಸಬೇಕಾದ ಕೆಲಸ, ಕೈಯಲ್ಲಿ ಗನ್ನು. ಸುತ್ತಿಗೆಯಿಂದ ಹೊಡೆಯುವವನಿಗೆ ಮೊಳೆ ಮರಕ್ಕೆ ಸಿಕ್ಕಿತೋ ಇಲ್ಲವೋ ಕೈಗೇ ಗೊತ್ತಾಗುತ್ತದೆ, ಸದ್ದು ಬದಲಾಗುತ್ತದೆ. ಗನ್ನಿಗೆ ಎಲ್ಲವೂ ಒಂದೇ ಸದ್ದು. ಅಲ್ಲಿನ ಕಟ್ಟಡ ನಿಯಮಗಳನ್ನು ಬಿಗಿ ಮಾಡಿದರು, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕೋಡ್ ಬಂತು. ಅಷ್ಟು ದೊಡ್ಡ ದೇಶವೂ ಮೊಳೆಯ ಪಾಠ ಕಲಿತದ್ದು ಚಾವಣಿ ಹಾರಿದ ಮೇಲೆ.

ಈಗ ನಮ್ಮ ಬೆಂಗಳೂರಿನ ಫ್ಲ್ಯಾಟಿಗೆ ಬರೋಣ. ನನ್ನ ಪರಿಚಯದ ಜೋಡಿಯೊಂದು ಹೊಸ ಫ್ಲ್ಯಾಟಿಗೆ ಇಂಟೀರಿಯರ್ ಮಾಡಿಸಿತು. ಕಂಪನಿಯ ಹೆಸರು ಬೇಡ. ಆ್ಯಪ್ ಇದೆ, ತ್ರೀಡಿ ಚಿತ್ರ ಇದೆ, ನಲವತ್ತೈದು ದಿನದ ಗ್ಯಾರಂಟಿ ಇದೆ. ಲ್ಯಾಮಿನೇಟಿನ ಬಣ್ಣ ಆರಿಸಲು ಮೂರು ಶನಿವಾರ ಹೋಯಿತು. ವರ್ಷ ತುಂಬುವುದರೊಳಗೆ ವಾರ್ಡ್‌ರೋಬಿನ ಬಾಗಿಲು ಹಿಂಜಿನ ಸಮೇತ ಕೈಗೆ ಬಂತು. ‘ಕಾರ್ಪೆಂಟರ್ ಸರಿಯಿಲ್ಲ’ ಅಂತ ಕಂಪನಿಯೂ ಹೇಳಿತು, ಮನೆಯವರೂ ಹೇಳಿದರು. ನಾನು ಬಾಗಿಲು ಹಿಡಿದು ನೋಡಿದೆ. ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದರಲ್ಲಿ ಮೊಳೆಯನ್ನು ಅಪ್ಪಿಕೊಳ್ಳಲು ಉದ್ದನೆಯ ಎಳೆಯೇ ಇಲ್ಲ. ಅದರ ಅಂಚಿಗೆ ಹೊಡೆದರೆ ಪದರ ಬಿಡುತ್ತದೆ. ಅಂಥ ಹಲಗೆಗೆ ಅಗಲ ಎಳೆಯ ಬೇರೆಯದೇ ಸ್ಕ್ರೂ ಇದೆ, ಮರದ ಗೂಟ ಇದೆ, ತಿರುಗಿಸಿ ಬಿಗಿಯುವ ಕ್ಯಾಮ್ ಇದೆ. ಇಲ್ಲಿ ಹಾಕಿದ್ದು ಕಪ್ಪು ಬಣ್ಣದ ಜಿಪ್ಸಮ್ ಸ್ಕ್ರೂ, ಅಂಚುಗಳಿಗೆ ಗನ್ನಿನ ತಲೆಯಿಲ್ಲದ ಮೊಳೆ. ಜಿಪ್ಸಮ್ ಸ್ಕ್ರೂ ಹುಟ್ಟಿದ್ದು ಜಿಪ್ಸಮ್ ಹಲಗೆ ಹಿಡಿಯಲಿಕ್ಕೆ. ಗಡಸು, ಆದರೆ ಪೆಡಸು. ಅಡ್ಡ ಭಾರ ಬಿದ್ದರೆ ಬಾಗುವುದಿಲ್ಲ, ಕತ್ತು ಮುರಿದು ಬೀಳುತ್ತದೆ.

‘ಹಾಗಾದರೆ ಮೊಳೆ ಬಿಡಿ, ಎಲ್ಲಾ ಕಡೆ ಒಳ್ಳೆ ಸ್ಕ್ರೂ ಹಾಕಿದರೆ ಮುಗೀತು’ ಅನ್ನುವ ಬುದ್ಧಿವಂತರೂ ಇದ್ದಾರೆ. ಮುಗಿಯಲ್ಲ ಸ್ವಾಮಿ. ನೇರ ಎಳೆತಕ್ಕೆ ಸ್ಕ್ರೂ ಗಟ್ಟಿ, ನಿಜ. ಅಡ್ಡ ಭಾರಕ್ಕೆ, ಅಲುಗಾಟಕ್ಕೆ ಮೆತು ಉಕ್ಕಿನ ಮೊಳೆ ಬಾಗಿ ತಡೆದುಕೊಳ್ಳುತ್ತದೆ. ಮುರಿಯುವ ಮೊದಲು ಎಚ್ಚರಿಕೆ ಕೊಡುತ್ತದೆ. ಮರದ ಮನೆಗಳನ್ನೇ ಕಟ್ಟುವ ದೇಶಗಳಲ್ಲಿ ಇವತ್ತಿಗೂ ಚೌಕಟ್ಟಿಗೆ ಮೊಳೆ ಹೊಡೆಯುವುದು ಜಿಪುಣತನದಿಂದಲ್ಲ. ಎಲ್ಲ ಕಡೆ ಸ್ಕ್ರೂ ಅನ್ನುವವನೇ ಗಾದೆಯ ಹುಡುಗ. ಕೈಯಲ್ಲಿ ಸುತ್ತಿಗೆ ಬದಲು ಡ್ರಿಲ್ ಬಂದಿದೆ ಅಷ್ಟೇ.

ಗೋಡೆಯದೂ ಅಷ್ಟೇ. ಫೋಟೋ ಹಾಕಲು ಮೊಳೆ ಹೋಗುತ್ತಿಲ್ಲ ಅಂತ ಬೈಯುತ್ತೀರಿ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗೆ ಸಾದಾ ಮೊಳೆ ಬಾಗದೆ ಇನ್ನೇನಾಗಬೇಕು? ಅದಕ್ಕೆ ಗಡಸು ಉಕ್ಕಿನ ಮೊಳೆ, ಇಲ್ಲವೇ ತೂತು ಕೊರೆದು ಪ್ಲಗ್. ಪಕ್ಕದ ರೂಮಿನ ಹಗುರ ಬ್ಲಾಕಿನ ಗೋಡೆಯಲ್ಲಿ ಅದೇ ಮೊಳೆ ಬೆಣ್ಣೆಗೆ ಹೋದ ಹಾಗೆ ಹೋಗಿ, ಹಾಗೇ ಹೊರಗೂ ಬರುತ್ತದೆ. ಆ ಗಡಸು ಮೊಳೆ ಉಳಿಯಿತೆಂದು ಮರಕ್ಕೆ ಹೊಡೆದರೆ ಏಟು ಸ್ವಲ್ಪ ಓರೆಯಾದಾಗ ಮುರಿದು ಕಣ್ಣಿಗೆ ಸಿಡಿಯುತ್ತದೆ. ಇನ್ನು ಸಾಗುವಾನಿ ಅಂತ ಹೆಮ್ಮೆಯಿಂದ ಮಾಡಿಸಿದ ಬಾಲ್ಕನಿ ಬೆಂಚಿಗೆ ಸಾದಾ ಕಬ್ಬಿಣದ ಮೊಳೆ ಹೊಡೆಸಿದರೆ ಎರಡು ಮಳೆಗೆ ಮೊಳೆಯ ಸುತ್ತ ಕಪ್ಪು ಕಲೆ. ಮರದ ಒಗರು, ನೀರು, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಇದೇ ರಸಾಯನದಿಂದ ಬರೆಯುವ ಮಸಿ ಮಾಡುತ್ತಿದ್ದರು. ಅಲ್ಲಿಗೆ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಬೇಕಿತ್ತು.

ಈಗ ನಿಜವಾದ ಪ್ರಶ್ನೆ. ಆ ವಾರ್ಡ್‌ರೋಬ್ ಮಾಡಿದ ಕಾರ್ಪೆಂಟರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಬಹಳ ಮಾಡಿ ಗೊತ್ತಿತ್ತು. ಅವನು ರಾಜಸ್ಥಾನದವನೋ, ಉತ್ತರ ಪ್ರದೇಶದವನೋ, ನಮ್ಮ ವಿಜಯಪುರದ ಕಡೆಯವನೋ ಇರಬಹುದು. ಅವನ ಕೂಲಿ ಚದರಡಿ ಲೆಕ್ಕ. ಮೊಳೆ, ಸ್ಕ್ರೂ ಕೊಡುವುದು ಕಂಟ್ರ್ಯಾಕ್ಟರು, ಒಂದೇ ಡಬ್ಬಿ, ಎಲ್ಲದಕ್ಕೂ ಅದೇ. ತೂತು ಕೊರೆದು ಹೊಡೆದರೆ ದಿನಕ್ಕೆ ಚದರಡಿ ಕಡಿಮೆಯಾಗುತ್ತದೆ, ಕೂಲಿ ಕಡಿಮೆಯಾಗುತ್ತದೆ. ವರ್ಷದ ಮೇಲೆ ಬಾಗಿಲು ಬಿದ್ದರೆ ಅವನು ಇನ್ನಾವುದೋ ಊರಿನಲ್ಲಿರುತ್ತಾನೆ. ಸರಿಯಾದ ಮೊಳೆ ಹೊಡೆದರೆ ನಷ್ಟ ಅವನಿಗೆ, ತಪ್ಪು ಮೊಳೆ ಹೊಡೆದರೆ ನಷ್ಟ ನಿಮಗೆ. ಇನ್ಸೆಂಟಿವ್ ಅನ್ನುವ ಪದ ದಿನಕ್ಕೆ ಹತ್ತು ಸಲ ಬಳಸುವ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೇ?

ನಮ್ಮ ಕಡೆ ಮೊದಲು ‘ಆಯ’ ಅಂತ ಇತ್ತು. ಸುಗ್ಗಿಯಲ್ಲಿ ಬಡಿಗ, ಕಂಬಾರ ಇಂಥವರಿಗೆ ರೈತ ವರ್ಷಕ್ಕಿಷ್ಟು ಜೋಳ ಅಳೆದು ಕೊಡುತ್ತಿದ್ದ. ಅದಕ್ಕೆ ಬದಲಾಗಿ ವರ್ಷವಿಡೀ ನೇಗಿಲು, ಕೂರಿಗೆ, ಚಕ್ಕಡಿಯ ರಿಪೇರಿ ಅವರದು. ಮೊಳೆ ತಪ್ಪಾಗಿ ಹೊಡೆದರೆ ಬಿತ್ತನೆ ಹೊತ್ತಿಗೆ ಕೂರಿಗೆ ಮುರಿದು ಅದೇ ಬಡಿಗನ ಅಂಗಳಕ್ಕೆ ವಾಪಸು ಬರುತ್ತಿತ್ತು, ಪುಕ್ಕಟೆ ಕೆಲಸ. ಕೆಲಸ ಗಟ್ಟಿ ಇದ್ದಷ್ಟೂ ಬಡಿಗನಿಗೆ ಲಾಭ. ಆ ಪದ್ಧತಿ ಹೊಗಳಲಿಕ್ಕೆ ನಾನು ಹೊರಟಿಲ್ಲ. ಅದು ಜಾತಿಗೆ ಕಟ್ಟಿಹಾಕಿದ ಕಸುಬು. ಕೊಟ್ಟಷ್ಟು ತಗೋ, ಬಾಯಿ ಮುಚ್ಚು ಅನ್ನುವ ವ್ಯವಸ್ಥೆ. ಬಡಿಗರ ಮಕ್ಕಳು ಅದನ್ನು ಬಿಟ್ಟು ಓದಲಿಕ್ಕೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕೆಲಸ ಬಾಳುವುದಕ್ಕೂ ಕೂಲಿಗೂ ಇದ್ದ ಸಂಬಂಧವನ್ನು ಕಡಿದು ಚದರಡಿ ಲೆಕ್ಕ ತಂದೆವಲ್ಲ, ಅದರ ಫಲ ವಾರ್ಡ್‌ರೋಬಿನಿಂದ ಉದುರುತ್ತಿದೆ.

ಹನ್ನೆರಡನೇ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯ ಅಂತ ಒಬ್ಬರಿದ್ದರು. ಬಡಿಗರು, ವಚನಕಾರರು. ಅವರ ಹೆಂಡತಿ ಕಾಳವ್ವೆಯೂ ವಚನ ಬರೆದವರು. ಹೆಸರಿನ ಮುಂದೆ ಬಾಚಿ ಇಟ್ಟುಕೊಂಡವನು ಮಾತಿಗೂ ಬರಬಹುದು, ತತ್ವಕ್ಕೂ ಬರಬಹುದು ಅಂತ ಬಸವಣ್ಣನ ಕಾಲದಲ್ಲಿ ಒಪ್ಪಿದ್ದರು. ಅವರ ಹೆಸರಿನ ಸೀಮೆಯಿಂದ ಬಂದ ನಾವು ಲಿಂಕ್ಡ್‌ಇನ್ನಿನಲ್ಲಿ ಕಾಯಕದ ಬಗ್ಗೆ ಪೋಸ್ಟ್ ಹಾಕುತ್ತೇವೆ, ಮನೆಗೆ ಬಂದ ಬಡಿಗನಿಗೆ ಪ್ರಶ್ನೆ ಕೇಳಲು ಐದು ನಿಮಿಷ ಕೊಡುವುದಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ತಂದಿತು. ಬಡಿಗರೂ ಸೇರಿ 18 ಕಸುಬಿನವರಿಗೆ ತರಬೇತಿ, ಉಪಕರಣಕ್ಕೆ 15 ಸಾವಿರ ರೂಪಾಯಿ. ಒಳ್ಳೆಯದೇ. ಆದರೆ ಕೈಗೆ ಉಪಕರಣ ಕೊಟ್ಟು, ಅದನ್ನು ಎಲ್ಲಿ ಬಳಸಬೇಕು ಅನ್ನುವ ತೀರ್ಮಾನವನ್ನು ಕಂಟ್ರ್ಯಾಕ್ಟರಿನ ಡಬ್ಬಿಗೆ ಬಿಟ್ಟರೆ ಏನು ಬಂತು?

ನೀವು ಬಡಿಗತನ ಕಲಿಯಬೇಕು ಅಂತ ನಾನು ಹೇಳುತ್ತಿಲ್ಲ. ಯೂಟ್ಯೂಬ್ ನೋಡಿ ಬೆರಳು ಜಜ್ಜಿಕೊಳ್ಳುವುದೂ ಬೇಡ. ಹಣ ಕೊಡುವವರಾಗಿ ನಾಲ್ಕು ಕೆಲಸ ಮಾಡಿ. ಡಿಸೈನರ್ ಜೊತೆ ಮಾತಾಡುವಷ್ಟೇ ಹೊತ್ತು ಕೆಲಸ ಮಾಡುವ ಬಡಿಗನ ಜೊತೆ ಮಾತಾಡಿ. ಯಾವ ಹಲಗೆಗೆ ಏನು ಹಿಡಿಯುತ್ತದೆ ಅಂತ ಅವರನ್ನೇ ಕೇಳಿ, ‘ಇದಕ್ಕೆ ಇದು ಆಗಲ್ಲ ಸರ್’ ಅಂದರೆ ಮುಖ ಗಂಟಿಕ್ಕಬೇಡಿ. ಮೊಳೆ, ಸ್ಕ್ರೂ ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿ, ನೀವೇ ತಂದುಕೊಡಿ. ಕಿಲೋಗೆ ನೂರರ ಆಸುಪಾಸು ಸಿಗುವ ವಸ್ತುವಿನಲ್ಲಿ ಉಳಿಸಲು ಏನೂ ಇಲ್ಲ. ಸಾಧ್ಯವಾದರೆ ದಿನಗೂಲಿ ಲೆಕ್ಕದಲ್ಲಿ ಕೊಡಿ, ಒಂದು ಪಾಲು ಹಣವನ್ನು ಆರು ತಿಂಗಳ ಮೇಲೆ ಬಂದು ಎಲ್ಲ ಬಿಗಿ ನೋಡಿದ ದಿನಕ್ಕೆ ಇಡಿ. ಅದು ದಂಡವಲ್ಲ, ಅವರಿಗೆ ಮತ್ತೊಂದು ದಿನದ ಕೆಲಸ. ಊರಿನಲ್ಲಿ ಅಪ್ಪ ಅಮ್ಮನ ಮನೆಯ ಮುಂದೆ ಪತ್ರಾಸ್ ಹಾಕಿಸಿದ್ದರೆ ಈ ಸಲ ಹೋದಾಗ ಏಣಿ ಹತ್ತಿ ಮೊಳೆಯ ತಲೆ ನೋಡಿ ಬನ್ನಿ, ಮೇ ತಿಂಗಳಿಗೆ ಮೊದಲು.

ಇಂಟೀರಿಯರ್ ಕೊಟೇಷನ್ನಿನಲ್ಲಿ ಲ್ಯಾಮಿನೇಟಿನ ಬಣ್ಣಕ್ಕೆ ಒಂದು ಸಾಲಿದೆ, ಹ್ಯಾಂಡಲ್ಲಿನ ಫಿನಿಶಿಗೆ ಒಂದು ಸಾಲಿದೆ, ಒಳಗಿನ ಲೈಟಿಗೆ ಒಂದು ಸಾಲಿದೆ. ಇವನ್ನೆಲ್ಲ ಹಿಡಿದು ನಿಲ್ಲಿಸುವ ಮೊಳೆಗೆ ಸಾಲಿಲ್ಲ. ಆ ಸಾಲು ಕೇಳಿ. ಯಾವ ಹಲಗೆಗೆ ಯಾವ ಮೊಳೆ, ಎಷ್ಟು ಇಂಚು, ಯಾವ ಗೇಜು. ಅದನ್ನು ಆ್ಯಪ್ ಬರೆಯಲಾರದು, ಸೇಲ್ಸಿನವರು ಬರೆಯಲಾರರು. ಬರೆಯಬೇಕಾದರೆ ಅವರು ಹೋಗಿ ಒಬ್ಬ ಬಡಿಗನನ್ನು ಕೇಳಲೇಬೇಕು.